ಬಾಖ್‌ನ ಚೆಲ್ಲೊ ಸೂಟ್‌ಗಳು: ಎರಡು ಧ್ವನಿಮುದ್ರಣಗಳನ್ನು ನಾನು ಹೋಲಿಸಿ ಕೇಳುವ ಬಗೆ

ಚೆಲ್ಲೊ ಸಂಗೀತ ಕೇಳಲು ಶುರುಮಾಡಿದವರು ಬೇಗನೆ ಬಾಖ್‌ನ ಆರು ಸೂಟ್‌ಗಳ ಹತ್ತಿರ ಬರುತ್ತಾರೆ. ಬಾಖ್ ಹದಿನೆಂಟನೆಯ ಶತಮಾನದ ಜರ್ಮನ್ ಸಂಗೀತಕಾರ; ಚೆಲ್ಲೊ ಪಿಟೀಲಿನ ಜಾತಿಯ ದೊಡ್ಡ ವಾದ್ಯ; ಸೂಟ್ ಎಂದರೆ ಪ್ರೆಲ್ಯೂಡ್ ಎಂಬ ಪೀಠಿಕೆಯ ಹಿಂದೆ ನೃತ್ಯಗಳನ್ನು ಪೋಣಿಸಿದ ಕೃತಿ. ಜೊತೆವಾದ್ಯ ಏನೂ ಇಲ್ಲ, ಒಂದೇ ಚೆಲ್ಲೊ. ಆಮೇಲಿನ ಪ್ರಶ್ನೆ ಯಾವಾಗಲೂ ಒಂದೇ: ಯಾರ ಧ್ವನಿಮುದ್ರಣ ಚೆನ್ನ? ಇದಕ್ಕೆ ಉತ್ತರ ಹೇಳುವ ಮೊದಲು ಮೂರು ವಿಷಯಗಳನ್ನು ಬದಿಗೆ ಸರಿಸಬೇಕು: ಸದ್ದಿನ ಮಟ್ಟ, ಶ್ರುತಿ ಮತ್ತು ಪುನರಾವರ್ತನೆ. ಇವು ಬೇರೆಬೇರೆ ಇರುವಾಗ ಮಾಡುವ ತೀರ್ಮಾನ ವಾದಕನ ಬಗ್ಗೆ ಆಗಿರುವುದಿಲ್ಲ. ನಾನು ಅನುಸರಿಸುವ ಕ್ರಮ ಕೆಳಗಿದೆ.

ಮೊದಲು ಆಯ್ಕೆ. ಹತ್ತು ಸೆಟ್ ಒಟ್ಟುಮಾಡಬೇಡಿ, ಎರಡು ಸಾಕು. ಒಬ್ಬನೇ ವಾದಕ ಬೇರೆಬೇರೆ ವಯಸ್ಸಿನಲ್ಲಿ ಮಾಡಿದ ಎರಡು ಸಿಕ್ಕರೆ ಇನ್ನೂ ಒಳ್ಳೆಯದು, ಏಕೆಂದರೆ ಕೈ ಒಂದೇ, ಬದಲಾದದ್ದು ಯೋಚನೆ ಮತ್ತು ಜಾಗ. ಯೋ ಯೋ ಮಾ ಅವರ ಧ್ವನಿಮುದ್ರಣಗಳು 1983, 1997 ಮತ್ತು 2018ರಲ್ಲಿ ಬಂದಿವೆ. ಪೀಟರ್ ವಿಸ್ಪಲ್ವೇ ಕೂಡ ಆರನ್ನೂ ಮೂರು ಸಲ ಮುದ್ರಿಸಿದ್ದಾರೆ. ಮೂರನೆಯದಾಗಿ ಹಳೆಯದೊಂದು ಬೇಕೆಂದರೆ ಪಾಬ್ಲೊ ಕಸಾಲ್ಸ್ 1936ರಿಂದ 1939ರ ನಡುವೆ ಲಂಡನ್ ಮತ್ತು ಪ್ಯಾರಿಸ್‌ನಲ್ಲಿ ಮುದ್ರಿಸಿದ್ದು ಇದೆ. ಅದರಿಂದಲೇ ಶುರುಮಾಡಿ ಎಂದು ಹಲವರು ಹೇಳುತ್ತಾರೆ. ನಾನು ಹೇಳುವುದಿಲ್ಲ. ಹಳೆಯ ಗ್ರಾಮಫೋನ್ ತಟ್ಟೆಯ ಸದ್ದಿಗೆ ಕಿವಿ ಒಗ್ಗುವ ಮುಂಚೆ ಅದನ್ನು ಕೇಳಿದರೆ ಅರ್ಧ ಸಂಗೀತ ಸೋರಿಹೋಗುತ್ತದೆ.

ಸಾಮಗ್ರಿ ಹೆಚ್ಚೇನಿಲ್ಲ. ಒಂದು ಲ್ಯಾಪ್‌ಟಾಪ್, ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶ, ತಂತಿ ಇರುವ ಹೆಡ್‌ಫೋನ್, ಮೊಬೈಲಿನಲ್ಲಿ ಯಾವುದಾದರೂ ತಂಬೂರ ಆಪ್. ಸ್ವರಲಿಪಿ ಐಎಂಎಸ್‌ಎಲ್‌ಪಿ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಧ್ವನಿಯನ್ನು ಸಿಡಿಯಿಂದ ತೆಗೆದುಕೊಳ್ಳಿ, ಇಲ್ಲವೇ ಗುಣಮಟ್ಟ ಕಳೆಯದ ಫ್ಲ್ಯಾಕ್ ಕಡತವಾಗಿ ಕೊಳ್ಳಿ. ಸ್ಟ್ರೀಮಿಂಗ್ ಆಪ್‌ನ ಹಾಡನ್ನು ಆಡಾಸಿಟಿಗೆ ಎಳೆದು ಹಾಕಲಾಗುವುದಿಲ್ಲ. ಆಪ್‌ನಲ್ಲೇ ಕೇಳುವುದಾದರೆ ಸೆಟ್ಟಿಂಗ್ಸ್‌ಗೆ ಹೋಗಿ ಕ್ರಾಸ್‌ಫೇಡ್ ಆಫ್ ಮಾಡಿ. ಅದು ಪ್ರತಿ ಭಾಗದ ಕೊನೆಯ ಸ್ವರ ಕರಗುವುದನ್ನು ನುಂಗಿ ಮುಂದಿನದನ್ನು ತಂದು ಮೇಲೆ ಹಾಕುತ್ತದೆ.

ಮೊಬೈಲಿನ ಸ್ಪೀಕರಿನಲ್ಲಿ ಚೆಲ್ಲೊ ಕೇಳಬೇಡಿ. ಚೆಲ್ಲೊದ ಕೆಳಗಿನ ಸಿ ತಂತಿ ಸುಮಾರು 65 ಹರ್ಟ್ಸ್, ಅದರ ಮೇಲಿನ ಜಿ ತಂತಿ 98. ಆ ಪುಟ್ಟ ಸ್ಪೀಕರಿಗೆ ಇವೆರಡೂ ನಿಲುಕುವುದಿಲ್ಲ. ನಿಮಗೆ ಕೇಳಿಸುವುದು ಮೂಲ ಸ್ವರದ ಜೊತೆ ಹುಟ್ಟುವ ಮೇಲಿನ ಅನುಸ್ವರಗಳಷ್ಟೇ, ಉಳಿದದ್ದನ್ನು ಮಿದುಳು ಊಹಿಸಿಕೊಳ್ಳುತ್ತದೆ. ದೊಡ್ಡ ಸ್ಪೀಕರ್ ಇದ್ದರೆ ಬೇರೆ ತೊಂದರೆ. ಎದುರುಬದುರು ಗೋಡೆಗಳ ನಡುವೆ ಎಂಟೂವರೆ ಅಡಿ ಅಂತರವಿದ್ದರೆ ಕೋಣೆ 65 ಹರ್ಟ್ಸಿಗೇ ಗುಂಯ್ಗುಡುತ್ತದೆ, ಹನ್ನೊಂದೂವರೆ ಅಡಿ ಇದ್ದರೆ 98ರ ಹತ್ತಿರ. ಆಗ ಒಂದೆರಡು ಸ್ವರ ಮಾತ್ರ ಉಬ್ಬಿ ಬಂದು, ವಾದಕ ಅಲ್ಲಿ ಒತ್ತಿ ನುಡಿಸಿದ ಅನ್ನಿಸುತ್ತದೆ. ಅನುಮಾನ ಬಂದಾಗ ಅದೇ ಜಾಗವನ್ನು ಹೆಡ್‌ಫೋನಿನಲ್ಲಿ ಕೇಳಿ. ಉಬ್ಬು ಮಾಯವಾದರೆ ಅದು ಕೋಣೆಯದು. ಸ್ಪೀಕರನ್ನು ಮೂಲೆಯಿಂದ ಎರಡು ಮೂರು ಅಡಿ ಈಚೆಗೆ ತಂದರೆ ಸ್ವಲ್ಪ ತಗ್ಗುತ್ತದೆ.

ಈಗ ಸದ್ದಿನ ಮಟ್ಟ. ಎರಡು ತುಣುಕುಗಳಲ್ಲಿ ಒಂದು ಡೆಸಿಬೆಲ್ ಜೋರಾಗಿರುವುದು ಕಿವಿಗೆ ಜೋರು ಎಂದು ತೋರುವುದಿಲ್ಲ, ಚೆನ್ನ ಎಂದು ತೋರುತ್ತದೆ. ಮೋಸ ಹೋಗುವುದು ಇಲ್ಲೇ. ಆಡಾಸಿಟಿಯಲ್ಲಿ ಲೌಡ್‌ನೆಸ್ ನಾರ್ಮಲೈಸೇಷನ್ ಎಂಬ ಎಫೆಕ್ಟ್ ಇದೆ. ಅದು ತಾನಾಗಿ ತೋರಿಸುವ ಮೈನಸ್ 23 ಲಫ್ಸ್ (ಸದ್ದಿನ ಮಟ್ಟದ ಅಳತೆ) ಸಂಖ್ಯೆಯನ್ನೇ ಎರಡೂ ತುಣುಕಿಗೆ ಕೊಡಿ. ಇಡೀ ಸೂಟಿಗೆ ಒಟ್ಟಿಗೆ ಹಾಕಿದರೆ ಪ್ರಯೋಜನವಿಲ್ಲ, ಹೋಲಿಸುವ ತುಣುಕಿಗೇ ಹಾಕಬೇಕು. ಹಳೆಯ ಮುದ್ರಣಗಳಲ್ಲಿ ಮೇಲಿನ ಮತ್ತು ಕೆಳಗಿನ ಆವರ್ತನಗಳು ಕಡಿಮೆ ಇರುವುದರಿಂದ ಯಂತ್ರದ ಲೆಕ್ಕವೂ ಕಿವಿಯ ಲೆಕ್ಕವೂ ಪೂರ್ತಿ ಕೂಡುವುದಿಲ್ಲ. ಅಲ್ಲಿ ಕಿವಿಯಿಂದಲೇ ಅರ್ಧ, ಒಂದು ಡೆಸಿಬೆಲ್ ಆಚೀಚೆ ಮಾಡಿಕೊಳ್ಳುತ್ತೇನೆ.

ತುಣುಕು ಚಿಕ್ಕದಿರಲಿ: ನಾಲ್ಕು ಬಾರ್ (ಸ್ವರಲಿಪಿಯಲ್ಲಿ ಎರಡು ನಿಂತ ಗೆರೆಗಳ ನಡುವಿನ ಅಳತೆ ಒಂದು ಬಾರ್), ಅಂದರೆ ಹದಿನೈದು ಸೆಕೆಂಡಿನ ಆಸುಪಾಸು. ನಾದದ ಬಣ್ಣ ಕಿವಿಯಲ್ಲಿ ನಿಲ್ಲುವುದು ಸ್ವಲ್ಪ ಹೊತ್ತು ಮಾತ್ರ. ಇಡೀ ಭಾಗ ಕೇಳಿ ಮುಗಿಸಿ ಇನ್ನೊಂದಕ್ಕೆ ಹೋದರೆ ನೀವು ಹೋಲಿಸುವುದು ನೆನಪಿನ ಜೊತೆಗೆ. ಎರಡು ಟ್ರ್ಯಾಕ್‌ಗಳನ್ನು ಮೇಲೆ ಕೆಳಗೆ ಇಟ್ಟು ಸೋಲೋ ಗುಂಡಿ ಒತ್ತಿ ಬದಲಿಸಬಹುದು. ಆದರೆ ವೇಗ ಬೇರೆ ಇರುವುದರಿಂದ ಅವು ಬೇಗ ಹಾದಿ ತಪ್ಪುತ್ತವೆ. ಕತ್ತರಿಸಿ ಒಂದರ ಹಿಂದೆ ಒಂದು ಜೋಡಿಸುವುದೇ ವಾಸಿ.

ಶ್ರುತಿಯ ವಿಷಯದಲ್ಲಿ ಕರ್ನಾಟಕ ಸಂಗೀತದ ಕಿವಿ ಇರುವವರಿಗೆ ಒಂದು ಅನುಕೂಲವಿದೆ. ಇಂದಿನ ಚೆಲ್ಲೊಗಳಲ್ಲಿ ಎ ಸ್ವರ ಸುಮಾರು 440 ಹರ್ಟ್ಸ್. ಬರೋಕ್ ರೀತಿಯಲ್ಲಿ, ಅಂದರೆ ಬಾಖ್ ಕಾಲದ ಹಾಗೆ, ಕರುಳಿನ ತಂತಿ ಕಟ್ಟಿ ನುಡಿಸುವವರು ಹೆಚ್ಚಾಗಿ 415 ಇಟ್ಟುಕೊಳ್ಳುತ್ತಾರೆ. ವಿಸ್ಪಲ್ವೇ 2012ರ ಮುದ್ರಣದಲ್ಲಿ 392ಕ್ಕೆ ಇಳಿದಿದ್ದಾರೆ. ಜಿ ಮೇಜರಿನ ಮೊದಲ ಸೂಟನ್ನು ತಂಬೂರ ಆಪ್‌ ಎದುರು ಇಟ್ಟರೆ 440ರ ಮುದ್ರಣ ಐದು ಮನೆ ಶ್ರುತಿಗೆ ಕೂರುತ್ತದೆ, 415ರದ್ದು ನಾಲ್ಕೂವರೆಗೆ, 392ರದ್ದು ನಾಲ್ಕು ಮನೆಗೆ. ಅಳತೆಯೇ ಬೇಕೆಂದರೆ ಪ್ರೆಲ್ಯೂಡಿನ ಕೊನೆಯ ಸ್ವರಗುಚ್ಛವನ್ನು ಆಯ್ದು ಆಡಾಸಿಟಿಯ ಪ್ಲಾಟ್ ಸ್ಪೆಕ್ಟ್ರಂ ತೆರೆಯಿರಿ. ತಳದ ಜಿ ಸ್ವರ 98, 92.4 ಅಥವಾ 87.3ರ ಹತ್ತಿರ ಶಿಖರವಾಗಿ ಕಾಣುತ್ತದೆ. ಸೈಜ್ 16384ಕ್ಕಿಂತ ಕಡಿಮೆ ಇಟ್ಟರೆ ಈ ಅಂತರ ಸ್ಪಷ್ಟವಾಗುವುದಿಲ್ಲ.

ಶ್ರುತಿ ಕೆಳಗಿರುವ ಮುದ್ರಣ ಗಂಭೀರವಾಗಿ, ಬೆಚ್ಚಗೆ ಕೇಳುತ್ತದೆ. ಅದರಲ್ಲಿ ವಾದಕನ ಪಾಲೆಷ್ಟು, ಶ್ರುತಿಯ ಪಾಲೆಷ್ಟು ಎಂದು ತಿಳಿಯಲು ಕೆಲವರು ಚೇಂಜ್ ಪಿಚ್ ಹಾಕಿ ಎರಡನ್ನೂ ಸಮ ಮಾಡುತ್ತಾರೆ. ಇದು ಬೇಡ. ಸ್ವರದ ಜೊತೆಗೆ ಚೆಲ್ಲೊದ ಮರದ ಅನುರಣನವೂ ಮೇಲಕ್ಕೆ ಸರಿದು ವಾದ್ಯ ಸಣ್ಣದಾದಂತೆ ಕೇಳುತ್ತದೆ. ಬದಲಿಗೆ ಪ್ರತಿ ತುಣುಕಿನ ಮುಂಚೆ ಅದರ ಶ್ರುತಿಯ ತಂಬೂರವನ್ನು ಹತ್ತು ಸೆಕೆಂಡು ಕೇಳಿ ನಿಲ್ಲಿಸಿಬಿಡಿ. ಹಾಡುಗಾರ ಶ್ರುತಿ ಬದಲಿಸಿದಾಗ ಕಿವಿ ಹೊಂದಿಕೊಳ್ಳುವ ಹಾಗೆ ಇಲ್ಲೂ ಹೊಂದಿಕೊಳ್ಳುತ್ತದೆ, ಎತ್ತರದ ವ್ಯತ್ಯಾಸ ಹಿಂದೆ ಸರಿದು ನಡೆ ಮುಂದೆ ಬರುತ್ತದೆ.

ವೇಗ ಅಳೆಯಲು ಅದೇ ಮೊದಲ ಪ್ರೆಲ್ಯೂಡ್ ಸಾಕು. 42 ಬಾರ್, ಬಾರಿಗೆ ನಾಲ್ಕು ಎಣಿಕೆ, ಕೊನೆಯ ಬಾರ್ ಒಂದೇ ಸ್ವರಗುಚ್ಛ. ಅದನ್ನು ಬಿಟ್ಟರೆ 41 ಬಾರ್, 164 ಎಣಿಕೆ. 150 ಸೆಕೆಂಡಿನಲ್ಲಿ ಅಲ್ಲಿಗೆ ತಲುಪಿದರೆ ನಿಮಿಷಕ್ಕೆ ಸುಮಾರು 66 ಎಣಿಕೆ. ಆದರೆ ಈ ಸರಾಸರಿಯನ್ನು ನಂಬಬೇಡಿ. 22ನೆಯ ಬಾರಿನ ನಡುವೆ ನಿಲುಗಡೆಯ ಚಿಹ್ನೆ ಇದೆ, ಅಲ್ಲಿ ಒಬ್ಬೊಬ್ಬರು ಒಂದೊಂದಷ್ಟು ಹೊತ್ತು ನಿಲ್ಲುತ್ತಾರೆ. ಕೊನೆಯಲ್ಲಿ ಹಲವರು ನಿಧಾನಿಸುತ್ತಾರೆ. ಹಾಗಾಗಿ ನಾನು ಲೆಕ್ಕ ಹಾಕುವುದು ಮೊದಲ 20 ಬಾರಿಗೆ ಮಾತ್ರ: 80 ಎಣಿಕೆ. ಕೇಳುತ್ತಾ ಹೋಗುವಾಗ ಪ್ರತಿ ನಾಲ್ಕು ಬಾರಿಗೆ ಕಂಟ್ರೋಲ್ ಹಿಡಿದು ಎಂ ಒತ್ತಿದರೆ ಅಲ್ಲೊಂದು ಲೇಬಲ್ ಬೀಳುತ್ತದೆ. ಐದು ಖಂಡಗಳ ಸೆಕೆಂಡುಗಳನ್ನು ಪಕ್ಕಪಕ್ಕ ಬರೆದುಕೊಂಡರೆ ಗಡಿಯಾರದಂತೆ ನಡೆಯುವವರು ಯಾರು, ಬಾರಿನ ಮೊದಲ ಸ್ವರದ ಮೇಲೆ ಒರಗಿ ಆಮೇಲೆ ಓಡುವವರು ಯಾರು ಎಂಬುದು ತಾನಾಗಿ ಗೊತ್ತಾಗುತ್ತದೆ. ವೇಗವಾಗಿದೆ ಅನ್ನಿಸಿದ ಮುದ್ರಣ ಲೆಕ್ಕದಲ್ಲಿ ನಿಧಾನ ಇರುವುದು ಅಪರೂಪವೇನಲ್ಲ. ಕಮಾನು ಬಿಡಿಬಿಡಿಯಾಗಿ ಆಡಿದರೆ ಕಿವಿ ಅದನ್ನು ವೇಗ ಎಂದುಕೊಳ್ಳುತ್ತದೆ.

ಆ 22ನೆಯ ಬಾರಿನ ನಿಲುಗಡೆಯಿಂದ ಇನ್ನೊಂದು ಉಪಯೋಗವಿದೆ. ಮುದ್ರಿಸಿದ ಜಾಗ ಎಂಥದ್ದು ಎಂದು ಅಲ್ಲಿ ಕೇಳಿಸುತ್ತದೆ. ಕಮಾನು ತಂತಿ ಬಿಟ್ಟ ಮೇಲೆ ನಾದ ಎಷ್ಟು ಹೊತ್ತು ಉಳಿಯಿತು? ರಾಸ್ತ್ರೊಪೊವಿಚ್ 1991ರಲ್ಲಿ ಫ್ರಾನ್ಸಿನ ವೆಜ್ಲೇ ಊರಿನ ಬೆಸಿಲಿಕಾದಲ್ಲಿ ಮುದ್ರಿಸಿದ್ದಾರೆ. ಆ ಕಲ್ಲಿನ ಕಟ್ಟಡದ ಪ್ರತಿಧ್ವನಿ ಹಿಂದಿನ ಸ್ವರವನ್ನು ಮುಂದಿನದರ ಅಡಿಗೆ ಹಾಸುತ್ತದೆ. ಯಾನೊಸ್ ಸ್ಟಾರ್ಕರ್ 1963 ಮತ್ತು 1965ರಲ್ಲಿ ಮರ್ಕ್ಯುರಿ ಕಂಪನಿಗೆ ಮಾಡಿದ್ದು ಇದಕ್ಕೆ ತದ್ವಿರುದ್ಧ: ಮೈಕು ಹತ್ತಿರ, ಕಮಾನಿನ ಕೂದಲು ತಂತಿ ಹಿಡಿಯುವುದೂ ಕೇಳಿಸುವಷ್ಟು. ಮೊದಲನೆಯದರಲ್ಲಿ ಸ್ವರಗಳು ಕೂಡಿಕೊಂಡಿವೆ ಎಂದು ವಾದಕನನ್ನು ಹೊಗಳುವುದಾಗಲಿ, ಎರಡನೆಯದು ಒಣಗಿದೆ ಎಂದು ತೆಗಳುವುದಾಗಲಿ ಸರಿಯಲ್ಲ. ಬೆರಳು ತಂತಿಯನ್ನು ಹಲಗೆಗೆ ಬಡಿಯುವ ಟಪ್ ಸದ್ದು, ಉಸಿರು ಇವೆಲ್ಲ ಹತ್ತಿರದ ಮೈಕಿನ ಗುರುತು. ನನಗೆ ಅವು ಇಷ್ಟ. ಹೆಡ್‌ಫೋನಿನಲ್ಲಿ ಕೇಳುವ ಹಲವರಿಗೆ ಕಿರಿಕಿರಿ.

ಕಮಾನಿನ ವಿಷಯಕ್ಕೆ ಬಂದರೆ ಸ್ವರಲಿಪಿ ಬೇಕೇ ಬೇಕು. ಬಾಖ್ ಕೈಯಾರೆ ಬರೆದ ಪ್ರತಿ ಉಳಿದಿಲ್ಲ. ನಮ್ಮ ಮುಂದಿರುವ ಮುಖ್ಯ ಪ್ರತಿ ಹೆಂಡತಿ ಆನಾ ಮಗ್ದಲೇನಾ ನಕಲು ಮಾಡಿದ್ದು, ಬರ್ಲಿನ್ನಿನ ಗ್ರಂಥಾಲಯದಲ್ಲಿದೆ. ಅದರಲ್ಲಿ ಸ್ಲರ್ ಗೆರೆಗಳು, ಅಂದರೆ ಯಾವ ಸ್ವರದಿಂದ ಯಾವ ಸ್ವರದವರೆಗೆ ಒಂದೇ ಕಮಾನು ಎಂದು ತೋರಿಸುವ ಗೆರೆಗಳು, ಎಲ್ಲಿ ಶುರು ಎಲ್ಲಿ ಮುಗಿತಾಯ ಎಂದು ಹೇಳಲಾಗದಂತೆ ಓಲಾಡುತ್ತವೆ. ಹಾಗಾಗಿ ಪ್ರತಿಯೊಬ್ಬ ವಾದಕನೂ ಇಲ್ಲಿ ತನ್ನದೇ ನಿರ್ಧಾರ ತೆಗೆದುಕೊಳ್ಳಲೇಬೇಕು, ಮುದ್ರಣಗಳ ನಿಜವಾದ ವ್ಯತ್ಯಾಸ ಇರುವುದೂ ಇಲ್ಲೇ. ಕೇಳಿ ಹಿಡಿಯಲು ನಾಲ್ಕು ಬಾರಿನ ತುಣುಕನ್ನು ಚೇಂಜ್ ಟೆಂಪೊದಲ್ಲಿ ನೂರಕ್ಕೆ ಅರವತ್ತರ ವೇಗಕ್ಕೆ ಇಳಿಸಿ. ಕಮಾನಿನ ದಿಕ್ಕು ಬದಲಾದ ಕಡೆ ಸ್ವರದ ಆರಂಭದಲ್ಲಿ ಸಣ್ಣ ಕರಕರ ಸದ್ದು ಬರುತ್ತದೆ, ಒಂದೇ ಕಮಾನಿನಲ್ಲಿ ಬಂದ ಸ್ವರಗಳ ನಡುವೆ ಅದು ಇರುವುದಿಲ್ಲ. ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, ಇನ್ನೊಬ್ಬರದ್ದನ್ನು ಬೇರೆ ಬಣ್ಣದಲ್ಲಿ ಹಾಕಿ. ಐವತ್ತಕ್ಕಿಂತ ಕೆಳಗೆ ಇಳಿಸಿದರೆ ತಂತ್ರಾಂಶವೇ ಸದ್ದನ್ನು ಚೂರು ಮಾಡಿ, ಇಲ್ಲದ ಕರಕರವನ್ನು ಹುಟ್ಟಿಸುತ್ತದೆ. ಪ್ರತಿಧ್ವನಿ ಹೆಚ್ಚಿರುವ ಮುದ್ರಣಗಳಲ್ಲಿ ಈ ಉಪಾಯ ಅರ್ಧ ಮಾತ್ರ ನಡೆಯುತ್ತದೆ.

ಪುನರಾವರ್ತನೆಗೆ ಹೆಚ್ಚು ಹೊತ್ತು ಬೇಡ. ಪ್ರೆಲ್ಯೂಡ್ ಬಿಟ್ಟು ಉಳಿದ ಎಲ್ಲ ನೃತ್ಯಗಳಿಗೂ ಎರಡು ಅರ್ಧ, ಪ್ರತಿ ಅರ್ಧವನ್ನೂ ಎರಡು ಸಲ ನುಡಿಸಬೇಕೆಂದು ಬರೆದಿದೆ. ಮೊದಲ ಸೂಟಿನ ಸರಬಾಂದ್ ಎಂಬ ನಿಧಾನದ ನೃತ್ಯ 16 ಬಾರ್. ಎಲ್ಲ ಪುನರಾವರ್ತನೆ ಸೇರಿದರೆ 32. ಕೆಲವರು ಎರಡನೆಯ ಅರ್ಧವನ್ನು ಒಂದೇ ಸಲ ನುಡಿಸುತ್ತಾರೆ. ಟ್ರ್ಯಾಕಿನ ನಿಮಿಷ ನೋಡಿ ವೇಗ ಎಂದೋ ನಿಧಾನ ಎಂದೋ ಹೇಳುವವರು ಇದನ್ನು ಮರೆಯುತ್ತಾರೆ. ಎರಡನೆಯ ಸಲ ನುಡಿಸುವಾಗ ಅಲಂಕಾರ ಸೇರಿತೇ, ಸದ್ದು ತಗ್ಗಿತೇ ಎಂಬುದನ್ನು ಮಾತ್ರ ಬರೆದುಕೊಳ್ಳಿ.

ಇಷ್ಟಾದ ಮೇಲೆ ಹೋಲಿಸಬೇಕಾದ ಜಾಗಗಳು ಕೆಲವೇ. ಡಿ ಮೈನರಿನ ಎರಡನೆಯ ಸೂಟಿನಲ್ಲಿ ಪ್ರೆಲ್ಯೂಡಿನ ಕೊನೆಯ ಐದು ಬಾರ್, 59ರಿಂದ 63. ಬರೆದಿರುವುದು ಬರೀ ಉದ್ದನೆಯ ಸ್ವರಗುಚ್ಛಗಳು. ಕೆಲವರು ಬರೆದಂತೆ ಹಿಡಿದು ನಿಲ್ಲಿಸುತ್ತಾರೆ, ಕೆಲವರು ಅದುವರೆಗಿನ ಓಟವನ್ನೇ ಮುಂದುವರಿಸಿ ಸ್ವರಗಳನ್ನು ಬಿಡಿಸಿ ಹೆಣೆಯುತ್ತಾರೆ. ನನಗೆ ಹಿಡಿದು ನಿಲ್ಲಿಸುವುದೇ ಹಿಡಿಸುತ್ತದೆ, ಆದರೆ ಜಾಗದ ಪ್ರತಿಧ್ವನಿ ಕಡಿಮೆಯಿದ್ದರೆ ಅದು ಬರಿದಾಗಿ ಕೇಳುವುದೂ ಉಂಟು.

ಐದನೆಯದು ಸಿ ಮೈನರ್. ಇದಕ್ಕೆ ಮೇಲಿನ ಎ ತಂತಿಯನ್ನು ಜಿಗೆ ಇಳಿಸಿ ನುಡಿಸಬೇಕೆಂಬ ಸೂಚನೆಯಿದೆ. ಇಳಿಸಿದವರಲ್ಲಿ ಮೇಲಿನ ತಂತಿಯ ಹೊಳಪು ಮಸುಕಾಗುತ್ತದೆ, ಕೆಳಗಿನ ಜಿ ತಂತಿ ತಾನಾಗಿ ಜೊತೆಗೆ ಮಿಡಿಯುತ್ತದೆ. ಇಳಿಸದೆ ನುಡಿಸುವವರು ಕೆಲವು ಸ್ವರಗುಚ್ಛಗಳಲ್ಲಿ ಸ್ವರ ಬಿಡಬೇಕಾಗುತ್ತದೆ. ಇದರ ಸರಬಾಂದ್ 20 ಬಾರಿನ ಒಂಟಿ ಗೆರೆ, ಒಂದು ಕಡೆಯೂ ಎರಡು ಸ್ವರ ಒಟ್ಟಿಗೆ ಬರುವುದಿಲ್ಲ. ಹೆಡ್‌ಫೋನ್ ಪರೀಕ್ಷಿಸಲು ನಾನು ಇದನ್ನೇ ಹಾಕುವುದು. ಮರೆಮಾಚಲು ಬೇರೆ ಸದ್ದೇ ಇಲ್ಲದ ಕಾರಣ ಕೋಣೆಯ ಗುಂಯ್, ಮೈಕಿನ ಸುಯ್, ಮುದ್ರಣದ ಜೋಡಣೆ ಎಲ್ಲವೂ ಬಯಲಾಗುತ್ತವೆ.

ಆರನೆಯದನ್ನು ಐದು ತಂತಿಯ ವಾದ್ಯಕ್ಕೆ ಬರೆದದ್ದು, ಮೇಲೊಂದು ಇ ತಂತಿ ಹೆಚ್ಚು. ನಾಲ್ಕು ತಂತಿಯಲ್ಲಿ ನುಡಿಸುವವರು ಹೆಬ್ಬೆರಳನ್ನು ತಂತಿಯ ಮೇಲೆ ಇಟ್ಟು ತುಂಬ ಮೇಲೆ ಹೋಗಬೇಕು, ನಾದ ಬಿಗಿಯುತ್ತದೆ. ಆನರ್ ಬೈಲ್ಸ್ಮಾ ಇದಕ್ಕೆ ಐದು ತಂತಿಯ ಚಿಕ್ಕ ಚೆಲ್ಲೊವನ್ನೇ ಬಳಸಿದ್ದಾರೆ. ಎರಡು ಬಗೆಯ ವಾದ್ಯಗಳನ್ನು ಎದುರುಬದುರು ಇಟ್ಟು ವಾದಕರಲ್ಲಿ ಯಾರು ಹೆಚ್ಚು ಎಂದು ಕೇಳುವುದರಲ್ಲಿ ಅರ್ಥವಿಲ್ಲ.

ಕಡತಗಳ ಹೆಸರಿನಲ್ಲಿ ಒಂದು ಗೊಂದಲ ಬರುತ್ತದೆ. ಆರು ಸೂಟ್, ಒಂದೊಂದರಲ್ಲಿ ಆರು ಭಾಗ, ಒಟ್ಟು 36. ಆದರೆ ಐದನೆಯ ಭಾಗ ಜೋಡಿ ನೃತ್ಯ: 1 ಮತ್ತು 2ರಲ್ಲಿ ಮಿನ್ಯುಯೆಟ್, 3 ಮತ್ತು 4ರಲ್ಲಿ ಬೂರೇ, 5 ಮತ್ತು 6ರಲ್ಲಿ ಗವೊತ್. ಜೋಡಿಯನ್ನು ಬೇರೆ ಟ್ರ್ಯಾಕ್ ಮಾಡಿದ ಸೆಟ್‌ಗಳಲ್ಲಿ 42 ಇರುತ್ತವೆ. ಸಿಡಿಯಲ್ಲಿ ಜಾಗ ಹೊಂದಿಸಲು ಸೂಟ್‌ಗಳ ಕ್ರಮವನ್ನೂ ಬದಲಿಸಿರುತ್ತಾರೆ. ಟ್ರ್ಯಾಕ್ ಸಂಖ್ಯೆ ಬಿಟ್ಟು, ಬಾಖ್ ಕೃತಿಗಳ ಪಟ್ಟಿಯಾದ ಬಿಡಬ್ಲ್ಯುವಿಯ 1007ರಿಂದ 1012ರ ಸಂಖ್ಯೆ, ಅದರ ಮುಂದೆ ಭಾಗದ ಸಂಖ್ಯೆ, ಆಮೇಲೆ ವಾದಕ, ವರ್ಷ ಎಂದು ಹೆಸರಿಟ್ಟರೆ ಹುಡುಕುವ ಕೆಲಸ ತಪ್ಪುತ್ತದೆ.

ಕೊನೆಗೆ ಕಸಾಲ್ಸ್. ಅದು ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಗಳ ಕಾಲ, 12 ಇಂಚಿನ ತಟ್ಟೆಯ ಒಂದು ಬದಿಗೆ ನಾಲ್ಕರಿಂದ ನಾಲ್ಕೂವರೆ ನಿಮಿಷ. ಇದೇ ತಟ್ಟೆಗಳನ್ನು ಬೇರೆಬೇರೆ ಕಂಪನಿಗಳು ಬೇರೆಬೇರೆ ರೀತಿಯಲ್ಲಿ ಸಿಡಿಗೆ ಇಳಿಸಿವೆ, ಹಾಗಾಗಿ ಯಾವುದನ್ನು ಕೊಳ್ಳುತ್ತೀರಿ ಎಂಬುದು ಮುಖ್ಯ. ಸುಯ್ ಸದ್ದನ್ನು ಪೂರ್ತಿ ತೊಡೆದುಹಾಕಿದ ಸಿಡಿ ಮೊದಲಿಗೆ ಹಿತ ಅನ್ನಿಸುತ್ತದೆ. ಆದರೆ ಕಮಾನಿನ ಕೂದಲಿನ ಸದ್ದು ಇರುವುದೂ ಆ ಸುಯ್ ಇರುವ ಮೇಲಿನ ಆವರ್ತನಗಳಲ್ಲೇ. ಒಂದು ಹೋದರೆ ಇನ್ನೊಂದೂ ಹೋಗುತ್ತದೆ, ಚೆಲ್ಲೊ ಕಂಬಳಿ ಹೊದ್ದಂತೆ ಮಂಕಾಗುತ್ತದೆ. ಸುಯ್ ಉಳಿಸಿಕೊಂಡದ್ದನ್ನೇ ಕೊಳ್ಳಿ, ಕಿವಿ ಒಂದೆರಡು ನಿಮಿಷದಲ್ಲಿ ಅದನ್ನು ಬಿಟ್ಟುಬಿಡುತ್ತದೆ. ತಟ್ಟೆ ತಿರುಗಿದ ವೇಗ ಸರಿಯಿಲ್ಲದಿದ್ದರೆ ಶ್ರುತಿ ಜಾರಿರುತ್ತದೆ: ವೇಗದಲ್ಲಿ ನೂರಕ್ಕೆ ಎರಡು ತಪ್ಪಿದರೆ ಸುಮಾರು 34 ಸೆಂಟ್ (ಅರ್ಧ ಮನೆಗೆ ನೂರು ಸೆಂಟ್), ಆರು ತಪ್ಪಿದರೆ ಅರ್ಧ ಮನೆ. ಇಲ್ಲಿ ಮಾತ್ರ ತಿದ್ದುವುದು ನ್ಯಾಯ, ಅದೂ ಚೇಂಜ್ ಸ್ಪೀಡ್ ಬಳಸಿ, ಏಕೆಂದರೆ ಶ್ರುತಿಯೂ ಲಯವೂ ಒಟ್ಟಿಗೇ ತಪ್ಪಿರುತ್ತವೆ. ಉದ್ದನೆಯ ಭಾಗದ ನಡುವೆ ಸುಯ್ ಸದ್ದಿನ ಬಣ್ಣ ಥಟ್ಟನೆ ಬದಲಾದರೆ ಅದು ತಟ್ಟೆಯ ಬದಿ ಮಗುಚಿದ ಜಾಗ. ಶ್ರುತಿಯನ್ನು ಆ ಜಾಗದ ಎರಡೂ ಕಡೆ ಬೇರೆಬೇರೆಯಾಗಿ ಅಳೆಯಿರಿ.