ಹಪ್ಪಳ ಹಾಕುವ ಮೊದಲು ಘಟ್ಟದ ಕಡೆ ನೋಡಿ

ಮೊನ್ನೆ ಸೊಸೆ ಹತ್ತು ಗಂಟೆಗೆ ಹಲಸಿನ ಹಪ್ಪಳ ಅಂಗಳಕ್ಕೆ ಹಾಕಿದಳು. ಮೂರಕ್ಕೆ ಮಳೆ. ಎಲ್ಲ ಪುನಃ ಹಿಟ್ಟು! ಕೇಳಿದರೆ, "ಒಂದೆರಡು ಕಡೆ ಮಾತ್ರ ಗುಡುಗು ಮಳೆ ಅಂತ ಇತ್ತಲ್ಲ ಅತ್ತೆ" ಅಂದಳು. ಆ ಒಂದೆರಡು ಕಡೆಯಲ್ಲಿ ಪುತ್ತೂರಿನ ನಮ್ಮ ಅಂಗಳವೂ ಸೇರಬಹುದು ಅಲ್ವಾ? ಹವಾಮಾನ ಇಲಾಖೆಯ ಲೆಕ್ಕದಲ್ಲಿ ಹಾಗೆಂದರೆ ಕಾಲು ಭಾಗ ಜಾಗದವರೆಗೂ ಮಳೆ. ಯಾವ ಕಾಲು ಭಾಗ ಅಂತ ನಾವೇ ಆಕಾಶ ನೋಡಬೇಕು.

ನೋಡುವುದಾದರೂ ಎಲ್ಲಿ? ಎಲ್ಲರೂ ಪಡುವಣ ಕಡಲಿನತ್ತ ನೋಡುತ್ತಾರೆ. ಅದು ಜೂನ್ ಮಳೆಗೆ ಸರಿ. ಏಪ್ರಿಲ್, ಮೇ ತಿಂಗಳಿನದ್ದು ಹೆಚ್ಚಾಗಿ ಮೂಡಣದಿಂದ ಬರುತ್ತದೆ. ಕಡಲಿನ ಹಸಿ ಗಾಳಿ ಘಟ್ಟಕ್ಕೆ ತಾಗಿ ಮೇಲೇರಿ, ಮಧ್ಯಾಹ್ನದ ಕಾವಿಗೆ ಅಲ್ಲೇ ಮೋಡ ಕಟ್ಟುತ್ತದೆ. ಸಂಜೆಗೆ ನಮ್ಮತ್ತ ಇಳಿಯುತ್ತದೆ. ನನ್ನಮ್ಮ ಪಾತ್ರೆ ತೊಳೆಯಲು ಹೊರಗೆ ಬಂದಾಗಲೆಲ್ಲ ಘಟ್ಟದ ಕಡೆ ಒಮ್ಮೆ ಕಣ್ಣು ಹಾಯಿಸುತ್ತಿದ್ದರು. ಬಿಳಿ ಮೋಡ ಹೂಕೋಸಿನ ಹಾಗೆ ಉಬ್ಬುತ್ತಾ ಹೋಯಿತೋ, ಬುಡ ಕಪ್ಪಾಯಿತೋ, ಆ ಕ್ಷಣ ಚಾಪೆ ಒಳಗೆ. ಗುಡುಗು ಕೇಳಲಿ ಅಂತ ಕಾಯಬೇಡಿ. ಗುಡುಗು ಕಿವಿಗೆ ಬಿತ್ತೆಂದರೆ ಸಿಡಿಲೂ ಹತ್ತಿರವೇ ಇದೆ. ಆಗ ಹಪ್ಪಳ ಹಾಳಾದರೆ ಹಾಳಾಗಲಿ, ಅಂಗಳಕ್ಕೆ ಇಳಿಯಬಾರದು. ಟಿವಿ, ಫ್ರಿಜ್ಜಿನ ಪ್ಲಗ್ಗನ್ನೂ ಮೋಡ ಕಂಡಾಗಲೇ ತೆಗೆದಿಡಿ.

ಹಲಸಿನ ಸೊಳೆಯನ್ನು (ತೊಳೆ) ಹಿಂದಿನ ರಾತ್ರಿಯೇ ಬಿಡಿಸಿಟ್ಟರೆ, ಬೆಳಗಾಗುವ ಮೊದಲು ಬೇಯಿಸಿ ಬಿಸಿಯಲ್ಲೇ ಗುದ್ದಬಹುದು. ಏಳೂವರೆಗೆ ಹಪ್ಪಳ ಬಿಸಿಲಲ್ಲಿರಬೇಕು. ಅಂಚು ಮೇಲೆದ್ದಾಗ ಮಗುಚಿ. ಎರಡು ಗಂಟೆಗೆ ಎಷ್ಟೇ ಬಿಸಿಲಿರಲಿ, ಚಾಪೆ ಸಮೇತ ಒಳಗೆ ತಂದು ಫ್ಯಾನಿನಡಿ ಹರಡಿ. "34 ಡಿಗ್ರಿ ಅಷ್ಟೇ ಅಲ್ವಾ" ಅನ್ನುತ್ತಾರೆ. ಕಲಬುರಗಿಯ 42ರಲ್ಲಿ ಒಂದೇ ದಿನಕ್ಕೆ ಆರುವುದು ಇಲ್ಲಿ ಮೂರು ದಿನವಾದರೂ ಆರುವುದಿಲ್ಲ. ಇಲ್ಲಿ ಗಾಳಿಯೇ ಹಸಿ. ಈ ಸೆಕೆಗೆ ಮೈ ಬೆವರೇ ಆರುವುದಿಲ್ಲ, ಇನ್ನು ಹಪ್ಪಳ ಆರುತ್ತದಾ!

ಹಾಗೆಯೇ ಉಪ್ಪಿನಕಾಯಿ ಭರಣಿಗೆ ಈ ದಿನಗಳಲ್ಲಿ ಬೆವರಿದ ಕೈ ಹಾಕಬೇಡಿ. ಎಷ್ಟು ಸಲ ಹೇಳುವುದು?

ಕೊನೆಯ ದಿನ ಮುರಿದರೆ ಹಪ್ಪಳ ಟಕ್ಕೆನ್ನಬೇಕು. ಬಿಸಿಲಿನಿಂದ ತಂದದ್ದನ್ನು ಹಾಗೇ ಡಬ್ಬಿಗೆ ತುಂಬಿದರೆ ಒಳಗೇ ಬೆವೆತು ಬೂಸು ಹಿಡಿಯುತ್ತದೆ. ನೆರಳಲ್ಲಿ ಹರಡಿ, ಕೆನ್ನೆಗೆ ತಾಗಿಸಿ ನೋಡಿ. ತಣ್ಣಗಿದ್ದರೆ ಮಾತ್ರ ಡಬ್ಬಿಗೆ ಒತ್ತಿ ತುಂಬಿ, ಮುಚ್ಚಳ ಬಿಗಿ ಮಾಡಿ.