ರವಿಕೆ ಕೆಡಿಸಿದ ದಿನ ಏನು ಮಾಡಬೇಕು

ದಾವಣಗೆರೆಯಲ್ಲಿ 19 ವರ್ಷಗಳಿಂದ ರವಿಕೆ ಹೊಲಿಯುತ್ತಿದ್ದೇನೆ. ಹೊಸದಾಗಿ ಅಂಗಡಿ ಇಡುವ ಹೆಣ್ಣುಮಕ್ಕಳು ರವಿಕೆ ಕತ್ತರಿಸುವ ಬಗೆಗಳನ್ನು ಕೇಳುತ್ತಾರೆ: ಕಟೋರಿ ಕಟಿಂಗ್ ಹೇಗೆ, ಪ್ರಿನ್ಸೆಸ್ ಕಟ್ ಹೇಗೆ ಎಂದು. ಬಟ್ಟೆ ಕೆಡಿಸಿದಾಗ ಗಿರಾಕಿಗೆ ಏನು ಹೇಳಬೇಕೆಂದು ಯಾರೂ ಕೇಳುವುದಿಲ್ಲ. ಅದನ್ನೇ ಬರೆಯುತ್ತಿದ್ದೇನೆ.

ಒಂದು ಶ್ರಾವಣ, ವರಮಹಾಲಕ್ಷ್ಮಿ ಹಬ್ಬಕ್ಕೆ ಎರಡೇ ದಿನ. ಒಬ್ಬರ ಗುಳೇದಗುಡ್ಡ ಖಣದಲ್ಲಿ ಎರಡೂ ತೋಳುಗಳನ್ನು ಬಲಗೈಗೇ ಕತ್ತರಿಸಿಬಿಟ್ಟೆ. ಕಂಕುಳ ತಿರುವು ಹಿಂದಕ್ಕಿಂತ ಮುಂದೆ ಹೆಚ್ಚು ಆಳ; ಒಳಮೈ ಹೊರಮೈ ನೋಡದೆ ತೋಳುಗಳನ್ನು ಒಂದೊಂದಾಗಿ ಕತ್ತರಿಸಿದರೆ ಹೀಗಾಗುತ್ತದೆ. ಅವರು ಬಂದಾಗ ನನ್ನ ಬಾಯಿಂದ ಬಂದ ಮಾತು: "ಹುಡುಗಿ ಕತ್ತರಿಸಿದ್ದಾಳೆ ಅಕ್ಕಾ, ನನಗೆ ಗೊತ್ತಾಗಲಿಲ್ಲ." ಮೂಲೆಯಲ್ಲಿ ಕಾಜಾ ಹಾಕುತ್ತಿದ್ದ ಹುಡುಗಿ ತಲೆ ಎತ್ತಲಿಲ್ಲ. ಅವಳ ಕೈಗೆ ನಾನಿನ್ನೂ ಕತ್ತರಿಯನ್ನೇ ಕೊಟ್ಟಿರಲಿಲ್ಲ.

ಆದ್ದರಿಂದ ಮೊದಲು ಇದನ್ನು ರೂಢಿಸಿಕೊಳ್ಳಿ: ಸಬೂಬು ಬಾಯಿಗೆ ಬಂದ ಕ್ಷಣ, ಅದು ಯಾರ ತಲೆಯ ಮೇಲೆ ಬೀಳುತ್ತದೆ ಎಂದು ನೋಡಿ. ಕರೆಂಟು, ಮಷೀನು ಎಂದು ಶುರುವಾದದ್ದು ಕೊನೆಗೆ ತಿರುಗಿ ಮಾತನಾಡಲಾರದ ಒಬ್ಬರ ಮೇಲೆ ಬೀಳುತ್ತದೆ.

ಗಿರಾಕಿ ಬರುವವರೆಗೆ ಕಾಯದೆ ಆಗಲೇ ಫೋನ್ ಮಾಡಿ. "ಅಳತೆ ತಪ್ಪಿದೆ", "ಬಟ್ಟೆ ಹಾಳಾಗಿಬಿಟ್ಟಿದೆ", "ಹೇಗೋ ಆಗಿಹೋಯಿತು" ಎನ್ನಬೇಡಿ. ಕನ್ನಡದಲ್ಲಿ ಹೀಗೆ ಜಾರಿಕೊಳ್ಳುವುದು ಬಹಳ ಸುಲಭ. ಮಾಡಿದವರು ಯಾರೆಂಬುದೇ ಆ ಮಾತುಗಳಲ್ಲಿ ಇರುವುದಿಲ್ಲ. "ನಾನು ತೋಳನ್ನು ತಪ್ಪಾಗಿ ಕತ್ತರಿಸಿದೆ" ಎಂದು ಹೇಳಿ ಅಲ್ಲಿಗೆ ನಿಲ್ಲಿಸಿ. "ಆದರೆ" ಎಂದು ಮುಂದುವರಿಸಿದರೆ ಹೇಳಿದ್ದೆಲ್ಲ ನೀರುಪಾಲು.

ಹಿಂದೆಯೇ ಪರಿಹಾರವನ್ನೂ ಹೇಳಬೇಕು. ಹೊಲಿಗೆಯ ಕೂಲಿ ಬಿಟ್ಟರೆ ಸಾಲದು. ಅಂಥದೇ ಬಟ್ಟೆಯನ್ನು ನೀವೇ ಹುಡುಕಿ ತನ್ನಿ, ಸಿಗದಿದ್ದರೆ ಅದರ ಬೆಲೆ ಕೊಡಿ. ಹಬ್ಬ ನಾಳೆಯೇ ಇದ್ದರೆ ಸೀರೆಗೆ ಒಪ್ಪುವ ಬೇರೆ ಬಟ್ಟೆಯಲ್ಲಿ ರಾತ್ರಿಯೇ ಒಂದು ಹೊಲಿದುಕೊಡಿ. ಇದಕ್ಕೆಂದೇ ನಾನು ಪ್ರತಿ ರವಿಕೆಯ ಕೂಲಿಯಿಂದ 5 ರೂಪಾಯಿ ಡಬ್ಬಿಗೆ ಹಾಕುತ್ತೇನೆ. ಕೊಡಲು ಹಣವಿಲ್ಲದಾಗಲೇ ಸುಳ್ಳು ಹೇಳಬೇಕೆನಿಸುವುದು ಹೆಚ್ಚು.

ಆಮೇಲೆ ತಪ್ಪಿನ ಮೂಲ ಹುಡುಕಿ. ಈಗ ನಾನು ಬಟ್ಟೆಯ ಹೊರಮೈಗಳು ಒಂದಕ್ಕೊಂದು ತಾಗುವಂತೆ ಮಡಿಸಿ ಎರಡೂ ತೋಳುಗಳನ್ನು ಒಟ್ಟಿಗೇ ಕತ್ತರಿಸುತ್ತೇನೆ. ಚಾಕಿನಲ್ಲಿ ಎಡ, ಬಲ ಎಂದು ಬರೆಯುತ್ತೇನೆ. ಹೊಲಿದ ಮೇಲೆ ಕುಗ್ಗದಿರಲೆಂದು ಲೈನಿಂಗ್ ಬಟ್ಟೆಯನ್ನು ಹಿಂದಿನ ರಾತ್ರಿಯೇ ನೆನೆಸುತ್ತೇನೆ. ಶ್ರಾವಣದಲ್ಲಿ ದಿನಕ್ಕೆ ನಾಲ್ಕು ರವಿಕೆ ನನ್ನ ಮಿತಿ. ಪುಸ್ತಕದಲ್ಲಿ ನಾಲ್ಕು ಹೆಸರು ತುಂಬಿದ ಮೇಲೆ ಯಾರೇ ಬಂದರೂ "ಹಬ್ಬಕ್ಕೆ ಆಗುವುದಿಲ್ಲ ಅಕ್ಕಾ" ಎನ್ನುತ್ತೇನೆ.

ತಪ್ಪು ನಿಜವಾಗಿಯೂ ನಮ್ಮದಲ್ಲದ ಸಂದರ್ಭಗಳೂ ಇವೆ. ಬಣ್ಣ ಬಿಡುವ ಬಟ್ಟೆಯ ಮೂಲೆಯನ್ನು ಒದ್ದೆ ಮಾಡಿ, ಬಿಳಿ ಬಟ್ಟೆಗೆ ಉಜ್ಜಿ, ತೆಗೆದುಕೊಳ್ಳುವಾಗಲೇ ತೋರಿಸಿ. ಅದೇ ಮಾತನ್ನು ರವಿಕೆ ಕೊಡುವಾಗ ಹೇಳಿದರೆ ಯಾರೂ ನಂಬುವುದಿಲ್ಲ.

ಆ ಹುಡುಗಿಯ ಬಳಿ ಅಂಗಡಿಯ ಒಳಗೇ ಕ್ಷಮೆ ಕೇಳಿದೆ. ಸಾಲದು ಎನಿಸಿತು. ಹಬ್ಬ ಕಳೆದ ಸೋಮವಾರ ಅವಳನ್ನೂ ಕರೆದುಕೊಂಡು ಆ ಅಕ್ಕನ ಮನೆಗೆ ಹೋಗಿ, ಖಣದ ಹಣ ಕೊಟ್ಟು, "ಕತ್ತರಿಸಿದವಳು ನಾನು, ಇವಳಲ್ಲ" ಎಂದೆ. ಮರುದಿನ ಹುಡುಗಿಯ ಕೈಗೆ ಕತ್ತರಿ ಕೊಟ್ಟೆ. ಅವಳು ಮೊದಲು ಕತ್ತರಿಸಿದ್ದು ತೋಳನ್ನೇ.