ನೆನಪಿನ ಪುಡಿ ಆರ್ಡರ್ ಮಾಡುವ ಮುನ್ನ ಇಷ್ಟು ನೋಡಿ

ಪರೀಕ್ಷೆ ಹತ್ತಿರ ಬಂದಾಗ ಯಾರಾದರೂ ಒಂದು ಲಿಂಕ್ ಕಳಿಸೇ ಕಳಿಸುತ್ತಾರೆ. ಪೊಟ್ಯಾಸಿಯಂ ಚಾನಲ್ ಬ್ಲಾಕರ್ ಅಂತೆ, ಅಂದರೆ ಜೀವಕೋಶದಿಂದ ಪೊಟ್ಯಾಸಿಯಂ ಹೊರಹೋಗುವ ಪುಟ್ಟ ಬಾಗಿಲನ್ನು (ಚಾನಲ್) ತಡೆಯುವ ವಸ್ತು; ತಲೆ ಸಖತ್ ಚುರುಕಾಗುತ್ತಂತೆ. ದುಡ್ಡು ಹಾಕುವ ಮೊದಲು ಆ ಮಾತನ್ನು ಜಾಲಾಡುವುದು ಹೇಗೆ ಅಂತ ಹೇಳುತ್ತೇನೆ. ಎಷ್ಟು ತಗೋಬೇಕು ಅಂತ ಮಾತ್ರ ಕೇಳಬೇಡಿ, ಹೇಳಲ್ಲ.

ಮೊದಲು ನೋಡಬೇಕಾದ್ದು, ಯಾವ ಚಾನಲ್ ಅಂತ. ನರಕೋಶದೊಳಕ್ಕೆ ಸೋಡಿಯಂ ನುಗ್ಗಿದಾಗ ಸಿಗ್ನಲ್ ಏಳುತ್ತದೆ, ಪೊಟ್ಯಾಸಿಯಂ ಹೊರಗೆ ಹೋದಾಗ ಇಳಿಯುತ್ತದೆ. ಆ ಹೊರಬಾಗಿಲಿಗೆ ಅಡ್ಡ ನಿಂತರೆ ಸಿಗ್ನಲ್ ಜಾಸ್ತಿ ಹೊತ್ತು ಇರುತ್ತದೆ, ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕ ನರದ ತುದಿಯಲ್ಲಿ ಹೆಚ್ಚು ಸುರಿಯುತ್ತದೆ. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ಇಂಥ ಬಾಗಿಲು ಮಾಡುವ ಜೀನ್‌ಗಳೇ ನಮ್ಮಲ್ಲಿ 70ಕ್ಕಿಂತ ಜಾಸ್ತಿ ಇವೆ. ಹೃದಯದಲ್ಲೂ ಇವೆ. ಟೆರ್ಫೆನಡಿನ್ ಅನ್ನುವ ಅಲರ್ಜಿ ಮಾತ್ರೆ ಹೃದಯದ ಅಂಥದ್ದೇ ಒಂದು ಚಾನಲ್ ತಡೆದು, ಬಡಿತದ ಲಯ ತಪ್ಪಿಸಿ, 1990ರ ದಶಕದ ಕೊನೆಗೆ ಅಮೆರಿಕದ ಮಾರುಕಟ್ಟೆಯಿಂದಲೇ ಹೋಯಿತು. ಮಾರುವವರು ಚಾನಲ್ ಹೆಸರು ಹಾಕಿಲ್ಲವಾ? ಅಲ್ಲಿಗೇ ಬಿಡಿ.

ಹೆಸರು ಹಾಕಿದ್ದರೆ, ಪ್ರಯೋಗ ಆಗಿದ್ದು ಇಲಿ ಮೇಲೋ ಮನುಷ್ಯರ ಮೇಲೋ ಹುಡುಕಿ. ಡುಪಾಂಟ್ ಕಂಪನಿಯ ಲಿನೋಪಿರ್ಡಿನ್ ಅನ್ನುವ ಔಷಧಿಯ ಕಥೆ ಇಲ್ಲಿ ಗೊತ್ತಿರಲಿ. ನರಕೋಶದ ಬ್ರೇಕ್ ಇದ್ದ ಹಾಗಿರುವ ಕೆಸಿಎನ್‌ಕ್ಯು ಚಾನಲನ್ನು ಅದು ತಡೆಯುತ್ತದೆ. ಇಲಿಗಳ ಮೇಲಿನ ಪ್ರಯೋಗದಲ್ಲಿ ಆಸೆ ಹುಟ್ಟಿಸಿತು. 1990ರ ದಶಕದಲ್ಲಿ ಅಲ್ಜೈಮರ್ಸ್ ರೋಗಿಗಳಿಗೆ ಕೊಟ್ಟು ನೋಡಿದರೆ ಹೇಳಿಕೊಳ್ಳುವಂಥ ಸುಧಾರಣೆ ಇಲ್ಲ. ಇನ್ನೊಂದು ತಮಾಷೆ ನೋಡಿ: ಇದೇ ಚಾನಲನ್ನು ತೆರೆದಿಡುವ ರೆಟಿಗಾಬಿನ್ 2011ರಲ್ಲಿ ಫಿಟ್ಸ್ ತಡೆಯುವ ಔಷಧಿಯಾಗಿ ಬಂತು. ತೆರೆದಿಟ್ಟರೆ ಫಿಟ್ಸ್ ನಿಲ್ಲುತ್ತದೆ ಅಂದರೆ, ಮುಚ್ಚಿದರೆ ಏನಾಗಬಹುದು ಅಂತ ನೀವೇ ಯೋಚಿಸಿ.

‘ಇದಕ್ಕೆ ಅಮೆರಿಕದಲ್ಲಿ ಅನುಮತಿ ಇದೆ’ ಅಂತ ಬರೆದಿದ್ದರೆ, ಯಾವುದಕ್ಕೆ ಅನುಮತಿ ಅಂತ ಓದಿ. 4-ಅಮಿನೋಪಿರಿಡಿನ್ ಅನ್ನುವ ಇನ್ನೊಂದು ಪೊಟ್ಯಾಸಿಯಂ ಚಾನಲ್ ಬ್ಲಾಕರ್‌ಗೆ 2010ರಲ್ಲಿ ಸಿಕ್ಕಿದ್ದು ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುವ ನರರೋಗ ಇರುವವರ ನಡಿಗೆ ಸುಧಾರಿಸಲು, ಓದಿದ್ದು ತಲೆಯಲ್ಲಿ ನಿಲ್ಲಲು ಅಲ್ಲ. ಫಿಟ್ಸ್ ಬಂದಿದ್ದವರಿಗೆ ಕೊಡುವುದಿಲ್ಲ, ಕಿಡ್ನಿ ಸರಿಯಿಲ್ಲದವರಿಗೂ ಕೊಡುವುದಿಲ್ಲ. ಇದೇ ವಸ್ತುವನ್ನು ಅಲ್ಲಿ ಕಾಳಿಗೆ ಬೆರೆಸಿ ಹಕ್ಕಿ ಓಡಿಸುವ ವಿಷವಾಗಿಯೂ ಮಾರಿದ್ದಾರೆ.

ಕೊನೆಗೆ ಪೊಟ್ಟಣದ ಫೋಟೋ ದೊಡ್ಡದು ಮಾಡಿ ನೋಡಿ. ಮೂಲೆಯಲ್ಲಿ ಸಣ್ಣಕ್ಷರದಲ್ಲಿ ‘ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ’ ಅಂತ ಇದ್ದರೆ ಅದು ಸುಮ್ನೆ ಹಾಕಿದ್ದಲ್ಲ, ಏನಾದರೂ ಆದರೆ ನಾವು ಜವಾಬ್ದಾರರಲ್ಲ ಅಂತ ಮೊದಲೇ ಕೈ ತೊಳೆದುಕೊಂಡಿದ್ದಾರೆ. ಅದೂ ಪುಡಿ ಬೇರೆ. 4-ಅಮಿನೋಪಿರಿಡಿನ್ ಮಾತ್ರೆಯೊಂದರಲ್ಲಿ ಇರುವುದು 10 ಮಿಲಿಗ್ರಾಂ, ಅದೂ ನಿಧಾನಕ್ಕೆ ಬಿಡುಗಡೆಯಾಗುವ ಹಾಗೆ ಮಾಡಿದ್ದು. ಅಡುಗೆಮನೆಯ ತೂಕದ ಮೆಷಿನ್ ತೋರಿಸುವುದು 1 ಗ್ರಾಂನಿಂದ, ಅಂದರೆ ಅದರ ನೂರು ಪಟ್ಟು. ಕಣ್ಣಂದಾಜಿನಲ್ಲಿ ಚಿಟಿಕೆ ಹಾಕಿಕೊಳ್ಳಲು ಇದೇನು ಉಪ್ಪಲ್ಲ.

ಪಕ್ಕದ ರೂಮಿನವರು ಆಗಲೇ ತಗೊಂಡಿದ್ದಾರೆ, ಮೈ ಬೆವರುತ್ತಿದೆ, ಕೈ ನಡುಗುತ್ತಿದೆ, ಮಾತು ಅಡ್ಡಾದಿಡ್ಡಿ ಆಗಿದೆ ಅಂದರೆ ಕಾಯಬೇಡಿ. 4-ಅಮಿನೋಪಿರಿಡಿನ್ ಜಾಸ್ತಿಯಾದರೆ ಫಿಟ್ಸ್ ಬರಬಹುದು, ನೆನಪು ಹೋದ ಪ್ರಕರಣಗಳೂ ಇವೆ. ನೆನಪಿಗೆ ಅಂತ ತಗೊಂಡಿದ್ದು! 108ಕ್ಕೆ ಫೋನ್ ಮಾಡಿ. ಪೊಟ್ಟಣ ಎಸೆಯದೆ ಜೊತೆಗೆ ಒಯ್ಯಿರಿ, ಡಾಕ್ಟರ್ ಮೊದಲು ಕೇಳುವುದು ಅದನ್ನೇ.